ಖಬರು ಓದುವವರು

ಕಲಬುರಗಿ ಸೀಮೆಯಲ್ಲಿ ಇಬ್ಬರು ಪರಿಚಿತರು ಎದುರಾದರೆ ಕುಶಲಪ್ರಶ್ನೆಗಿಂತ ಮೊದಲು ಬರುವ ಮಾತು “ಏನ್ ಖಬರು?” ಎಂಬುದು. ಖಬರು ಎಂದರೆ ಸುದ್ದಿ. ಉರ್ದುವಿನಿಂದ ಬಂದು ಮನೆಮಾತಾದ ಶಬ್ದ. ಆದರೆ ಇದೇ ಜನ ಮೈಮೇಲೆ ಎಚ್ಚರವಿಲ್ಲದೆ ಬಿದ್ದವನನ್ನು ಕುರಿತು “ಅವಂಗ ಖಬರಿಲ್ಲ” ಎನ್ನುತ್ತಾರೆ. ಮುಂದಾಲೋಚನೆಯಿಲ್ಲದವನನ್ನು “ಖಬರಗೇಡಿ” ಎಂದು ಬಯ್ಯುತ್ತಾರೆ. ಸುದ್ದಿಗೂ ಎಚ್ಚರಕ್ಕೂ ಒಂದೇ ಶಬ್ದ. ತನ್ನ ಸುತ್ತಮುತ್ತ ಏನು ನಡೆಯುತ್ತಿದೆ ಎಂದು ತಿಳಿಯದವನು ಎಚ್ಚರ ತಪ್ಪಿದವನೇ ಸರಿ ಎಂಬ ತಿಳಿವಳಿಕೆ ಈ ಮಾತಿನೊಳಗೆ ತಾನಾಗಿಯೇ ಸೇರಿಕೊಂಡಿದೆ.

ಹಾಗಾದರೆ ಈ ಸೀಮೆಗೆ ಖಬರನ್ನು ಓದಿ ಹೇಳುತ್ತ ಬಂದವರು ಯಾರು? ಅವರು ಎಲ್ಲಿ ಕುಳಿತು ಓದಿದರು? ಯಾವ ಭಾಷೆಯಲ್ಲಿ ಓದಿದರು? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಊರಿನ ಕೇಬಲ್ ವಾಹಿನಿಯಲ್ಲಿ ಸಂಜೆಯ ವಾರ್ತೆಯನ್ನು ಓದುವ ಸ್ಥಳೀಯ ವಾಚಕಿಯ ಅಥವಾ ವಾಚಕನ ವೃತ್ತಿಯೇ ಈ ಬರಹದ ಗುರಿ. ಆ ವೃತ್ತಿಯ ಚರಿತ್ರೆ ಮೂವತ್ತು ಚಿಲ್ಲರೆ ವರ್ಷಗಳದು. ಆದರೆ ಅವರು ಕುಳಿತ ಕುರ್ಚಿ ಅದಕ್ಕಿಂತ ಬಹಳ ಹಳೆಯದು. ಎಷ್ಟು ಹಳೆಯದೆಂದು ತಿಳಿಯಲು ಮೊದಲು ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗಬೇಕು.

ಸನ್ನತಿ ಭೀಮಾ ನದಿಯ ದಂಡೆಯ ಗ್ರಾಮ, ಚಂದ್ರಲಾಂಬೆಯ ಕ್ಷೇತ್ರ. ೧೯೮೦ರ ದಶಕದಲ್ಲಿ ಅಲ್ಲಿಯ ಕಾಳಿಕಾ ಗುಡಿಯಲ್ಲಿ, ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಒಂದು ಕಲ್ಲುಹಾಸು ಹೊರಬಂತು. ಅದರ ಎರಡೂ ಮುಖಗಳಲ್ಲಿ ಬ್ರಾಹ್ಮೀ ಅಕ್ಷರಗಳಿದ್ದವು. ವಿದ್ವಾಂಸರು ಓದಿ ನೋಡಿದಾಗ ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನವೆಂದು ಗೊತ್ತಾಯಿತು. ಅದರಲ್ಲಿ ಎರಡು, ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಪ್ರತ್ಯೇಕ ಶಾಸನಗಳು. ಆ ಶಾಸನಗಳ ಪಾಠದಲ್ಲಿ ಒಂದು ಸ್ವಾರಸ್ಯವಾದ ಆಜ್ಞೆಯುಂಟು. ಇದನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಜನರು ಕೇಳಬೇಕು, ನಡುವಿನ ದಿನಗಳಲ್ಲಿಯೂ ಕೇಳಬಹುದು, ಕೇಳುವವನು ಒಬ್ಬನೇ ಇದ್ದರೂ ಸರಿ ಎಂದು ಅರಸ ಹೇಳುತ್ತಾನೆ.

ಓದುಗರೇ, ಗಮನಿಸಿ: ನೋಡಬೇಕು ಎನ್ನಲಿಲ್ಲ, ಕೇಳಬೇಕು ಎಂದ. ಕೇಳಬೇಕಾದರೆ ಓದಿ ಹೇಳುವವನೊಬ್ಬ ಬೇಕು. ಶಾಸನದ ಭಾಷೆ ಪ್ರಾಕೃತ. ಸನ್ನತಿಯ ರೈತನ ಮನೆಮಾತು ಅದಾಗಿರಲಾರದು. ಆದ್ದರಿಂದ ಆ ಕಲ್ಲಿನ ಮುಂದೆ ನಿಂತು ಓದಿದವನು ಬರಿಯ ಓದುಗನಾಗಿರದೆ, ಪಾಟಲಿಪುತ್ರದ ಮಾತನ್ನು ಭೀಮಾತೀರದ ಮಾತಿಗೆ ತಿರುಗಿಸಿ ಹೇಳುವವನೂ ಆಗಿದ್ದಿರಬೇಕು. ಅರಸನ ಮಾತು ಕಲ್ಲಿನಲ್ಲಿ ಉಳಿಯಿತು. ಓದಿ ಹೇಳಿದವನ ಹೆಸರು ಎಲ್ಲಿಯೂ ಉಳಿಯಲಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಅದರ ಪ್ರಸ್ತಾಪ ಬರುತ್ತದೆ.

ಸನ್ನತಿಯಿಂದ ಸೇಡಂ ತಾಲೂಕಿನ ಮಳಖೇಡಕ್ಕೆ ಬರೋಣ. ಇದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಈ ಆಸ್ಥಾನದಲ್ಲಿಯೇ ‘ಕವಿರಾಜಮಾರ್ಗ’ ಸಿದ್ಧವಾಯಿತೆಂಬುದು ನಿಮಗೆ ತಿಳಿದದ್ದೇ. ಕನ್ನಡನಾಡಿನಲ್ಲಿ ನುಡಿಯ ಬಗೆಗಳು ಎಷ್ಟೆಂದರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತಾನು ಎಂಬ ಅಭಿಪ್ರಾಯ ಅದರಲ್ಲಿದೆ. ಅಷ್ಟೇ ಅಲ್ಲ, ಕನ್ನಡದ ತಿರುಳು ಎಲ್ಲಿದೆ ಎಂಬುದನ್ನೂ ಗ್ರಂಥಕಾರ ಗುರುತಿಸುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡು. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಕಡೆಯದು. ರಾಜಧಾನಿಯಾದ ಮಳಖೇಡ ಆ ಎಲ್ಲೆಯೊಳಗೆ ಬರುವುದಿಲ್ಲ! ಕನ್ನಡದ ಮೊದಲ ಲಕ್ಷಣಗ್ರಂಥ ಹುಟ್ಟಿದ ನೆಲದಲ್ಲಿಯೇ ಒಳ್ಳೆಯ ಕನ್ನಡ ಬೇರೆ ಕಡೆಯದು ಎಂಬ ತೀರ್ಪಾಯಿತು. ವಾರ್ತೆ ಓದುವವರ ವಿಷಯದಲ್ಲಿ ಈ ತೀರ್ಪು ಸಾವಿರದ ಇನ್ನೂರು ವರ್ಷಗಳ ಮೇಲೂ ಹೇಗೆ ಕೆಲಸ ಮಾಡಿತು ಎಂಬುದು ಮುಂದಿನ ಕಥೆ.

ಈಗ ಒಮ್ಮೆಗೇ ರೈಲಿನ ಕಾಲಕ್ಕೆ ಬರುತ್ತೇನೆ. ಮುಂಬಯಿಯಿಂದ ರಾಯಚೂರಿಗೆ ಹೋಗುವ ಹಳಿ ೧೮೭೧ರ ಹೊತ್ತಿಗೆ ಈ ನಾಡನ್ನು ಹಾಯ್ದಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಶಹಾಬಾದ ಮೊದಲ ಹಳಿಯ ಮೇಲಿದ್ದರೆ, ಚಿತ್ತಾಪುರ, ಮಳಖೇಡ ರೋಡ್, ಸೇಡಂ ಇವು ಎರಡನೆಯದರ ಮೇಲಿವೆ. ಚಿಂಚೋಳಿ ಮಾತ್ರ ಹಳಿಯಿಂದ ದೂರ ಉಳಿಯಿತು. ವಾಡಿ ಎಂಬುದು ಜಂಕ್ಷನ್ನಿನ ಸುತ್ತ ಬೆಳೆದ ಊರು. ಮುಂಬಯಿ, ಮದರಾಸು, ಹೈದರಾಬಾದು ಮೂರೂ ಅಲ್ಲಿ ಸೇರುತ್ತವೆ. ಪತ್ರಿಕೆಗಳು ಇಳಿದದ್ದೂ ಊರಿಗೆ ಹೊಸ ಮಾತು ಬಂದದ್ದೂ ಇದೇ ರೈಲಿನಿಂದ. ರೈಲಿನವರು ಸೇಡಂ ನಿಲ್ದಾಣಕ್ಕೆ ‘ಸೇರಂ’ ಎಂದು ಬರೆದರು. ದೂರದಲ್ಲಿ ಕುಳಿತವರ ಕೈಯಲ್ಲಿ ನಮ್ಮ ಊರಿನ ಹೆಸರು ಹೇಗೆ ಬದಲಾಗುತ್ತದೆಂಬುದಕ್ಕೆ ಇದೊಂದು ಸಣ್ಣ ಉದಾಹರಣೆ.

ಆಗ ಊರೊಳಗಿನ ಖಬರಿಗೆ ಡಂಗುರವಿತ್ತು. ಹಲಗಿ ಬಡಿಯುತ್ತ ಓಣಿ ಓಣಿಗೆ ನಿಂತು, ಕಂದಾಯದ ಗಡುವನ್ನೋ ಸಂತೆಯ ದಿನದ ಬದಲಾವಣೆಯನ್ನೋ ಸಾರಿ ಹೇಳುವವನು ಊರವನೇ. ಮೇಲಿನ ಆಜ್ಞೆ ಹೊರಡುತ್ತಿದ್ದದ್ದು ಹೈದರಾಬಾದಿನಿಂದ, ಉರ್ದುವಿನಲ್ಲಿ. ಸಾರುವವನು ಸಾರುತ್ತಿದ್ದದ್ದು ಊರಿನ ಕನ್ನಡದಲ್ಲಿ. ಸನ್ನತಿಯ ಕಲ್ಲಿನ ಮುಂದೆ ನಿಂತವನ ಕೆಲಸವನ್ನೇ ಹಲಗಿಯವನೂ ಮಾಡುತ್ತಿದ್ದನೆಂದು ಹೇಳಬಹುದು.

ಬಾನುಲಿ ಬಂದಾಗ ಈ ನಡುವಿನ ಮನುಷ್ಯ ಮರೆಯಾದ. ೧೯೩೫ ನಮ್ಮ ಭಾಷೆಯ ಪಾಲಿಗೆ ಸ್ಮರಣೀಯ ವರ್ಷ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿಯನ್ನು ಆರಂಭಿಸಿದ್ದು ಆ ವರ್ಷ. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಸಾಹಸದಿಂದ. ಹೈದರಾಬಾದಿನ ಡೆಕ್ಕನ್ ರೇಡಿಯೋವನ್ನು ನಿಜಾಮ್ ಸರ್ಕಾರ ವಹಿಸಿಕೊಂಡದ್ದೂ ಆ ವರ್ಷವೇ. ಅದು ಉರ್ದು, ತೆಲುಗು, ಮರಾಠಿಗಳ ಜೊತೆಗೆ ಕನ್ನಡದಲ್ಲಿಯೂ ಮಾತನಾಡಿತು. ಹೀಗೆ ಗುಲ್ಬರ್ಗ ಸೀಮೆಗೆ ಬಾನುಲಿಯ ಕನ್ನಡ ಬಂದದ್ದು ಹೈದರಾಬಾದಿನ ದಾರಿಯಿಂದ.

ಆದರೆ ಆ ಕಾಲದ ಅತಿ ದೊಡ್ಡ ಖಬರು ಕನ್ನಡದಲ್ಲಿ ಬರಲಿಲ್ಲ. ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಬಾನುಲಿಯ ಮುಂದೆ ನಿಂತು ಯುದ್ಧ ನಿಂತಿತೆಂದು ಸಾರಿದರು. ಈ ಐದೂ ಊರುಗಳ ಭವಿಷ್ಯವನ್ನು ಬದಲಿಸಿದ ಆ ಮಾತು ಇಲ್ಲಿಯ ಬಹುಜನಕ್ಕೆ ಮುಟ್ಟಿದ್ದು ಒಬ್ಬರಿಂದ ಒಬ್ಬರಿಗೆ, ಬಾಯಿಂದ ಬಾಯಿಗೆ. ರೇಡಿಯೋ ಇದ್ದ ಮನೆಗಳೇ ಅಪರೂಪವಾಗಿದ್ದ ಕಾಲವದು. ಯಂತ್ರ ಬಂದರೂ ಊರಿನ ಬಾಯಿಯ ಕೆಲಸ ಮುಗಿಯಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

೧೯೫೦ರ ಜನವರಿಯಲ್ಲಿ ಧಾರವಾಡ ನಿಲಯ, ೧೯೫೬ರ ನವೆಂಬರ್ ೧ರಂದು ಏಕೀಕರಣ, ೧೯೬೬ರಲ್ಲಿ ಗುಲ್ಬರ್ಗ ನಿಲಯ. ಈ ಹತ್ತು ಹದಿನಾರು ವರ್ಷಗಳಲ್ಲಿ ವಾರ್ತಾವಾಚಕ ಎಂಬ ವೃತ್ತಿಗೆ ಒಂದು ಶಿಸ್ತು ಬಂತು. ಮುಖ ಕಾಣದು, ಅಭಿಪ್ರಾಯ ಹೇಳಬಾರದು, ಅಲ್ಪಪ್ರಾಣ ಮಹಾಪ್ರಾಣ ತಪ್ಪಬಾರದು, ಉಸಿರಿನ ಸದ್ದು ಕೇಳಬಾರದು. “ಓದುತ್ತಿರುವವರು” ಎಂದು ಒಮ್ಮೆ ಹೆಸರು ಹೇಳಿದರೆ ಮುಗಿಯಿತು. ಮುಂದಿನ ಹತ್ತು ನಿಮಿಷ ತನ್ನನ್ನು ತಾನು ಮರೆಸಿಕೊಳ್ಳಬೇಕು. ಈ ಪತ್ರಿಕೆಯ ಓದುಗರಿಗೆ ಆ ಶಿಸ್ತಿನ ಹಿರಿಮೆಯನ್ನು ನಾನು ಹೇಳಬೇಕಾಗಿಲ್ಲ. ಸುದ್ದಿಯನ್ನು ನಂಬುವುದು ಹೇಗೆಂದು ನಾಡಿಗೆ ಕಲಿಸಿದ್ದು ಅದೇ.

ಆದರೂ ಒಂದು ಕೊರತೆಯನ್ನು ಒಪ್ಪಬೇಕು. ಸೇಡಂ ರೈತ “ಮಳಿ ಬರ್ಲಾಕತ್ತದ, ಹೊಳಿ ಬಂದದ” ಎನ್ನುತ್ತಾನೆ. ಬಾನುಲಿ “ಮಳೆಯಾಗುತ್ತಿದ್ದು ನದಿಯಲ್ಲಿ ಪ್ರವಾಹ ಬಂದಿದೆ” ಎನ್ನುತ್ತದೆ. ಅರ್ಥ ತಿಳಿಯದೆ ಹೋಗುವುದಿಲ್ಲ. ಆದರೆ ತನ್ನ ಮಾತು ನಗೆನಾಟಕದ ಪಾತ್ರಕ್ಕೆ ಮಾತ್ರ ಸರಿ, ವಾರ್ತೆಗೆ ಸಲ್ಲದು ಎಂಬ ಭಾವನೆ ಕೇಳುವವನ ಮನಸ್ಸಿನಲ್ಲಿ ಮೆಲ್ಲಗೆ ಕೂರುತ್ತದೆ. ಮಳಖೇಡದ ಹಳೆಯ ತೀರ್ಪು ಹೀಗೆ ಹೊಸ ಯಂತ್ರದೊಳಗೆ ಸೇರಿಕೊಂಡಿತು. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಇಡೀ ನಾಡಿಗೆ ಒಂದೇ ವಾರ್ತೆ ಬೇಕೆಂದರೆ ಒಂದೇ ಕನ್ನಡ ಬೇಕಾಗುತ್ತದೆ.

ಇನ್ನು ದೂರದರ್ಶನ. ಇಲ್ಲಿ ಒಂದು ಆಶ್ಚರ್ಯದ ಸಂಗತಿಯುಂಟು. ಬೆಂಗಳೂರಿನವರು ಇದನ್ನು ಕೇಳಿದರೆ ಮೊದಲು ನಂಬುವುದಿಲ್ಲ. ಕರ್ನಾಟಕದಲ್ಲಿ ಚಲಿಸುವ ಚಿತ್ರವನ್ನು ಪೆಟ್ಟಿಗೆಯಲ್ಲಿ ಮೊದಲು ಕಂಡವರು ರಾಜಧಾನಿಯ ಜನರಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಒಂದು ವರ್ಷ, ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-೬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ಶಾಲೆಯ ಅಥವಾ ಪಂಚಾಯ್ತಿಯ ಕಟ್ಟಡದ ಬಳಿ ಹತ್ತು ಅಡಿ ಅಗಲದ ತಂತಿಬಲೆಯ ಕೊಡೆ, ಒಳಗೆ ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯಲ್ಲಿ ತಯಾರಾದ ಪೆಟ್ಟಿಗೆ. ವಿದ್ಯುತ್ತಿಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದಲೇ ನಡೆಸಿದರು. ಬೆಳಗ್ಗೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ.

ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಹೊರಬಲ್ಲದಾಗಿತ್ತು. ಒಂದೇ ಚಿತ್ರ, ಆಂಧ್ರದ ಹಳ್ಳಿಗೆ ತೆಲುಗು, ಕರ್ನಾಟಕದ ಹಳ್ಳಿಗೆ ಕನ್ನಡ ಎಂಬ ಏರ್ಪಾಡು ಇದರಿಂದ ಸಾಧ್ಯವಾಯಿತು. ಆ ಎರಡು ಭಾಷೆಗಳ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಸಂಜೆಯ ಅರ್ಧ ಗಂಟೆ ಮಾತ್ರ ಎಲ್ಲರಿಗೂ ಒಂದೇ: ದೆಹಲಿಯಿಂದ ಬರುವ ಹಿಂದಿ ಕಾರ್ಯಕ್ರಮ, ವಾರ್ತೆಯೂ ಅದರಲ್ಲೇ. ವ್ಯವಸಾಯ, ಆರೋಗ್ಯ, ಮಕ್ಕಳ ಆಟ ಇವೆಲ್ಲ ಕನ್ನಡದಲ್ಲಿ ಬಂದವು. ವಾರ್ತೆ ಮಾತ್ರ ದೆಹಲಿಯ ಹಿಂದಿಯಲ್ಲಿ ಬಂತು. ವಾರ್ತೆ ಓದುವವರ ಮುಖವನ್ನು ನಮ್ಮ ಹಳ್ಳಿ ಮೊದಲ ಸಲ ಕಂಡದ್ದು ಹೀಗೆ.

ಒಂದು ವರ್ಷ ಕಳೆದ ಮೇಲೆ ಉಪಗ್ರಹ ಹಿಂದಿರುಗಿತು, ಪೆಟ್ಟಿಗೆ ಕತ್ತಲಾಯಿತು. ಆ ಹಳ್ಳಿಗಳನ್ನು ಪೂರ್ತಿ ಕೈಬಿಡಬಾರದೆಂದು ದೇಶದ ಕೆಲವೆಡೆ ಭೂಮಿಯ ಮೇಲಿನ ಪ್ರಸಾರ ಗೋಪುರಗಳನ್ನು ಕಟ್ಟಿದರು. ಗುಲ್ಬರ್ಗದ ಗೋಪುರ ಕೆಲಸ ಆರಂಭಿಸಿದ್ದು ೧೯೭೭ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು ೧೯೮೧ರ ನವೆಂಬರ್ ೧ರಂದು. ನಾಲ್ಕು ವರ್ಷಗಳಷ್ಟು ಗುಲ್ಬರ್ಗ ಹಿರಿಯದು. ಆದರೆ ಹಿರಿತನ ಗೋಪುರಕ್ಕೆ ಸಂದಿತೇ ಹೊರತು ಕುರ್ಚಿಗೆ ಸಲ್ಲಲಿಲ್ಲ. ಕಾರ್ಯಕ್ರಮ ಹೈದರಾಬಾದಿನಿಂದ ಬರುತ್ತಿತ್ತು. ಮುಂದೆ ಕನ್ನಡ ವಾರ್ತೆ ಎಂಬುದು ಆರಂಭವಾದಾಗ ಅದನ್ನು ಓದುವ ಮೇಜು ಬೆಂಗಳೂರಿನಲ್ಲಿ ಸ್ಥಿರವಾಯಿತು. ಗುಲ್ಬರ್ಗದ ಗೋಪುರ ಬೇರೆಯವರ ಮಾತನ್ನು ಹಿಡಿದು ಹರಡಿತು.

ಇಷ್ಟರಲ್ಲಿ ವಾರ್ತಾವಾಚಕರ ವೃತ್ತಿಯ ಸ್ವರೂಪವೂ ಬದಲಾಗುತ್ತಿತ್ತು. ೧೯೬೫ರಲ್ಲಿ ದೆಹಲಿಯಲ್ಲಿ ಐದು ನಿಮಿಷದ ದೈನಿಕ ವಾರ್ತೆಯೊಂದಿಗೆ ತೆರೆಯ ಮೇಲೆ ಬಂದ ಪ್ರತಿಮಾ ಪುರಿಯವರು ಶಿಮ್ಲಾ ಬಾನುಲಿಯಿಂದ ಹೋದವರು. ೧೯೭೬ರ ಏಪ್ರಿಲಿನಲ್ಲಿ ದೂರದರ್ಶನ ಆಕಾಶವಾಣಿಯಿಂದ ಬೇರೆಯಾಯಿತು. ಬಾನುಲಿಯ ಶಿಸ್ತು ಉಳಿಯಿತು. ಆದರೆ ಕಂಠದ ಜೊತೆಗೆ ಮುಖ, ಸೀರೆ, ಹೂವು ಎಲ್ಲವೂ ವೃತ್ತಿಯ ಭಾಗವಾದವು. ಅನಂತರ ೧೯೯೪ರಲ್ಲಿ ಉದಯ ಟಿವಿ, ೨೦೦೦ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ. ಈಟಿವಿಯ ಕನ್ನಡ ವಾರ್ತೆಯನ್ನು ಓದುತ್ತಿದ್ದದ್ದು ಎಲ್ಲಿ ಎನ್ನುವಿರಿ? ಹೈದರಾಬಾದಿನ ಹೊರವಲಯದ ರಾಮೋಜಿ ಫಿಲಂ ಸಿಟಿಯಲ್ಲಿ. ಡೆಕ್ಕನ್ ರೇಡಿಯೋದ ಕಾಲ, ಉಪಗ್ರಹದ ಕಾಲ, ಈಗ ಖಾಸಗಿ ವಾಹಿನಿಯ ಕಾಲ: ಮೂರು ಸಲವೂ ಸೇಡಮಿಗೆ ಕನ್ನಡದ ಮಾತು ಬಂದದ್ದು ವಾಡಿ–ಸಿಕಂದರಾಬಾದ್ ಹಳಿಯ ಆ ಕೊನೆಯಿಂದ. ೨೦೦೬ರ ಕೊನೆಯಲ್ಲಿ ಟಿವಿ ೯ ಬೆಂಗಳೂರಿನಿಂದ ಇಡೀ ದಿನದ ವಾರ್ತೆ ಆರಂಭಿಸಿದ ಮೇಲೆ ‘ವಾಚಕಿ’ ಎಂಬ ಶಬ್ದವೇ ಹಳೆಯದಾಗಿ, ‘ನಿರೂಪಕಿ’, ‘ಆಂಕರ್’ ಎಂಬ ಹೆಸರುಗಳು ನಿಂತವು. ವಾಚಕಿ ಬರೆದದ್ದನ್ನು ಓದುವವಳು. ನಿರೂಪಕಿ ಪ್ರಶ್ನೆ ಕೇಳುವವಳು, ವಾದಿಸುವವಳು. ಹೆಸರಿನ ಜೊತೆಗೆ ಕೆಲಸವೂ ಬದಲಾಯಿತು.

ಈ ದೊಡ್ಡ ವಾಹಿನಿಗಳ ಮಗ್ಗುಲಲ್ಲಿಯೇ, ಯಾರ ಗಮನಕ್ಕೂ ಬಾರದಂತೆ, ಊರಿನ ವಾರ್ತೆ ಹುಟ್ಟಿಕೊಂಡಿತ್ತು. ೧೯೯೧ರ ಕೊಲ್ಲಿ ಯುದ್ಧದ ಮೇಲೆ ದೇಶದ ತುಂಬ ಕೇಬಲ್ ಹರಡಿತು. ೧೯೯೫ರಲ್ಲಿ ಅದಕ್ಕೆ ಕಾಯಿದೆ ಬಂತು. ಕೇಬಲ್ ನಡೆಸುವವನ ಕೋಣೆಯಲ್ಲಿ ಸಿನಿಮಾ ಹಾಕಲೆಂದು ಒಂದು ವಿ.ಸಿ.ಆರ್. ಇರುತ್ತಿತ್ತು. ಸಿನಿಮಾ ಹಾಕುವ ಯಂತ್ರದಲ್ಲಿ ಊರಿನ ಜಾತ್ರೆಯನ್ನೂ ಹಾಕಬಹುದಲ್ಲವೇ? ಜಾತ್ರೆಯ ಮೇಲೆ ಪುರಸಭೆಯ ಸಭೆ, ಸಭೆಯ ಮೇಲೆ ಎ.ಪಿ.ಎಂ.ಸಿ.ಯ ತೊಗರಿಯ ಧಾರಣೆ. ನಾಡಿನ ಊರೂರುಗಳಲ್ಲಿ ಸ್ಥಳೀಯ ವಾರ್ತೆ ಹುಟ್ಟಿದ್ದು ಹೆಚ್ಚುಕಡಿಮೆ ಹೀಗೆಯೇ.

ಯಾರೊಬ್ಬರ ಹೆಸರನ್ನೂ ಎತ್ತದೆ, ಈ ಕುರ್ಚಿಗೆ ಬರುವವರ ಸಾಮಾನ್ಯ ದಾರಿಯನ್ನು ಹೇಳುತ್ತೇನೆ. ಪದವಿ ಮುಗಿಸಿದ ಹುಡುಗಿ. ಕಾಲೇಜಿನ ಸಮಾರಂಭಗಳಲ್ಲಿ ನಿರೂಪಣೆ ಮಾಡಿ ಹೆಸರು ಪಡೆದವಳು. ಅಥವಾ ಶಾಲೆಯ ಮಾಸ್ತರನಾಗಲು ಕಾಯುತ್ತಿರುವ ಹುಡುಗ. ಸ್ಟುಡಿಯೋ ಎಂದರೆ ಒಂದು ಕೋಣೆ. ಹಿಂದೆ ಬಣ್ಣದ ಪರದೆ, ಮುಂದೆ ಮೇಜು, ಎರಡು ದೀಪ. ರಸ್ತೆಯ ಲಾರಿಯ ಸದ್ದು ಕೇಳದಂತೆ ಕಿಟಕಿ ಮುಚ್ಚಬೇಕು. ಸದ್ದಿಗೆ ಹೆದರಿ ಫ್ಯಾನನ್ನೂ ನಿಲ್ಲಿಸಬೇಕು. ವೈಶಾಖದ ಬಿಸಿಲನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಕ್ಯಾಮೆರದ ಮುಂದೆ ಅಕ್ಷರ ಓಡಿಸುವ ಯಂತ್ರವಿಲ್ಲ. ಕೈಯಲ್ಲಿ ಹಾಳೆ ಹಿಡಿದು, ಒಂದು ವಾಕ್ಯ ಕಣ್ಣಿನಲ್ಲಿ ತುಂಬಿಕೊಂಡು ತಲೆಯೆತ್ತಿ ಹೇಳಬೇಕು. ಮಧ್ಯಾಹ್ನ ಧ್ವನಿಮುದ್ರಣ, ಸಂಜೆ ಪ್ರಸಾರ, ರಾತ್ರಿ ಮರುಪ್ರಸಾರ. ಅನೇಕ ಕಡೆ ಸುದ್ದಿ ಬರೆಯುವುದೂ ಓದುವುದೂ ಜಾಹೀರಾತಿಗೆ ದನಿ ಕೊಡುವುದೂ ಒಬ್ಬರದೇ ಕೆಲಸ. ಆ ಸಂಬಳದಿಂದ ಮನೆ ನಡೆಯದು. ಮದುವೆ, ಸಭೆಗಳ ನಿರೂಪಣೆಯಿಂದ ಉಳಿದದ್ದು ಹೊಂದಬೇಕು.

ಆದರೂ ಆ ಕುರ್ಚಿಗೆ ಒಂದು ಮಾನವಿತ್ತು. ಬಸ್ ನಿಲ್ದಾಣದಲ್ಲಿ ಜನ ಗುರುತಿಸುತ್ತಾರೆ. “ಅಕ್ಕಾರ, ನಮ್ಮ ಓಣಿ ನಳಕ್ಕ ಎಂಟು ದಿನದಿಂದ ನೀರಿಲ್ಲ, ನಾಳಿ ಓದ್ರಿ” ಎಂದು ಎದುರಿಗೇ ಹೇಳುತ್ತಾರೆ. ದೆಹಲಿಯ ವಾಚಕರಿಗೆ ಈ ಭಾಗ್ಯವಿಲ್ಲ. ಈ ಭಯವೂ ಇಲ್ಲ. ದೊಡ್ಡ ನಗರದವರು ಹೆಸರು ತಪ್ಪು ಓದಿದರೆ ಪತ್ರ ಬರುತ್ತದೆ. ಊರಿನಲ್ಲಿ ತಪ್ಪು ಓದಿದರೆ ಆ ಹೆಸರಿನವರೇ ಮನೆಗೆ ಬರುತ್ತಾರೆ. ತಾನು ಓದಿದ ಸುದ್ದಿಯ ಜನರ ನಡುವೆಯೇ ಮರುದಿನ ಕಾಯಿಪಲ್ಯೆ ಕೊಳ್ಳಬೇಕು ಎಂಬ ತಿಳಿವಳಿಕೆಗಿಂತ ದೊಡ್ಡ ಸಂಪಾದಕ ಬೇರೊಬ್ಬನಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಸ್ಥಳೀಯ ವಾಚಕಿ ಕ್ಯಾಮೆರದ ಮುಂದೆ ಓದುವುದು ಪುಸ್ತಕದ ಕನ್ನಡವನ್ನೇ. ಗಣ್ಯತೆ ಅದರಲ್ಲಿದೆಯೆಂದು ಅವಳೂ ನಂಬಿದ್ದಾಳೆ. ಆದರೆ ದೀಪ ಆರಿದ ಕೂಡಲೆ ಅವಳ ಮಾತು ಊರಿನದು. ನೊಂದವರ ಮುಂದೆ ಮೈಕು ಹಿಡಿದಾಗ ಕೇಳುವ ಪ್ರಶ್ನೆ ಊರಿನದು. ಊರಿನ ಹೆಸರುಗಳಂತೂ ಅವಳ ಬಾಯಲ್ಲಿ ತಪ್ಪುವುದಿಲ್ಲ. ಶಹಾಬಾದದ ಹಾಕಾರ ಎಲ್ಲಿ ದೀರ್ಘ, ಕೊಂಚಾವರಂ ಎಲ್ಲಿ ತೆಲುಗಿಗೆ ಹೊರಳುತ್ತದೆ ಎಂಬುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ನೂರಾರು ವರ್ಷಗಳ ಮೇಲೆ ಮೊದಲ ಸಲ, ಈ ಸೀಮೆಯ ಖಬರನ್ನು ಈ ಸೀಮೆಯವರೇ ಓದತೊಡಗಿದರು. ಹಲಗಿಯವನು ಬಿಟ್ಟುಹೋದ ಜಾಗಕ್ಕೆ ಒಬ್ಬರು ಬಂದು ಕುಳಿತರು ಎಂದರೂ ಆದೀತು.

ಅದರ ಬೆಲೆ ತಿಳಿಯುವುದು ಆಪತ್ತಿನಲ್ಲಿ. ಮೂರು ಸಂದರ್ಭಗಳನ್ನು ಹೇಳುತ್ತೇನೆ. ೨೦೨೦ರ ಮಾರ್ಚ್ ೧೦ರಂದು ಕಲಬುರಗಿಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವೆಂದು ಎರಡು ದಿನಗಳ ಮೇಲೆ ಖಚಿತವಾಯಿತು. ದೇಶದ ಎಲ್ಲ ವಾಹಿನಿಗಳೂ ಅಂದು ಕಲಬುರಗಿಯ ಹೆಸರು ಹೇಳಿದವು. ಆದರೆ ಇಂಥ ದಿನ ಮನೆಯೊಳಗೆ ಕುಳಿತವನಿಗೆ ಬೇಕಾದ ಖಬರು ಬೇರೆ: ಯಾವ ಓಣಿ ಮುಚ್ಚಿದೆ, ಯಾವ ಔಷಧದ ಅಂಗಡಿ ತೆರೆದಿದೆ, ಊರಿಗೆ ಮರಳಿದ ಕೂಲಿಯವರನ್ನು ಎಲ್ಲಿ ಇಳಿಸಿದ್ದಾರೆ ಎಂಬುದು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ನದಿಗಳಿಗೆ ಮಹಾಪೂರ ಬಂತು. ಕಾಗಿಣಾ ತುಂಬಿದರೆ ಮಳಖೇಡದ ಸೇತುವೆ ದಾಟಬಹುದೇ ಎಂಬ ಒಂದು ವಾಕ್ಯಕ್ಕೆ ಸೇಡಂ ದಾರಿಯಲ್ಲಿರುವವನ ಜೀವವೇ ತೂಗುತ್ತದೆ. ಬೆಂಗಳೂರಿನ ಮೇಜಿಗೆ ಆ ಸೇತುವೆ ಒಂದು ಚಿತ್ರ ಮಾತ್ರ.

ಮೂರನೆಯದು ೨೦೨೧ರ ಅಕ್ಟೋಬರ್. ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತ ನೆಲ ಮೇಲಿಂದ ಮೇಲೆ ನಡುಗಿತು. ಅಕ್ಟೋಬರ್ ೧೧ರ ರಾತ್ರಿಯ ಕಂಪನ ನಾಲ್ಕರ ಆಸುಪಾಸಿನ ಪ್ರಮಾಣದ್ದು. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ನೆರೆಯ ಲಾತೂರು ಸೀಮೆಯ ಕಿಲ್ಲಾರಿ ನೆಲಸಮವಾದದ್ದನ್ನು ಮರೆಯದ ಜನ ಇವರು. ಮನೆ ಬಿಟ್ಟು ಹೊರಗೆ ಮಲಗಿದರು. ಕೆಲವರು ಊರನ್ನೇ ಬಿಟ್ಟರು. ಇಂಥ ರಾತ್ರಿಯಲ್ಲಿ ಗಾಳಿಸುದ್ದಿ ಭೂಕಂಪಕ್ಕಿಂತ ಹೆಚ್ಚು ಮನೆಗಳನ್ನು ಖಾಲಿ ಮಾಡಿಸಬಲ್ಲದು. ಪರಿಚಿತ ಮುಖವೊಂದು ಪರಿಚಿತ ದನಿಯಲ್ಲಿ “ಅಧಿಕಾರಿಗಳು ಹೇಳಿದ್ದು ಇಷ್ಟು, ಇದರಾಚೆಗಿನದು ಸುಳ್ಳು” ಎಂದು ಹೇಳುವುದೇ ಆಗ ಜನರಿಗೆ ಬೇಕಾದ ಆಸರೆ.

ವಿಧಿಯ ವಿಚಿತ್ರವೆಂದರೆ, ನೆಲ ನಡುಗುತ್ತಿದ್ದ ಅದೇ ತಿಂಗಳಿನಲ್ಲಿ ಕಲಬುರಗಿ ದೂರದರ್ಶನವೇ ಮುಚ್ಚುತ್ತದೆಂಬ ಮಾತು ಹಬ್ಬಿತು. ಪ್ರಸಾರ ಭಾರತಿ ದೇಶದ ಉದ್ದಗಲಕ್ಕೂ ಹಳೆಯ ಅನಲಾಗ್ ಪ್ರಸಾರ ಯಂತ್ರಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದಿತ್ತು. ನಿಲ್ಲುವುದು ಯಂತ್ರವೇ ಹೊರತು ಕೇಂದ್ರವಲ್ಲ, ಕಲಬುರಗಿಯಂಥ ಕೇಂದ್ರಗಳು ರಾಜ್ಯದ ವಾಹಿನಿಗೆ ಕಾರ್ಯಕ್ರಮ ತಯಾರಿಸಿ ಕೊಡುತ್ತವೆ, ಅಂತರ್ಜಾಲದಲ್ಲಿಯೂ ಇರುತ್ತವೆ ಎಂದು ಅದು ಸ್ಪಷ್ಟನೆ ಕೊಟ್ಟಿತು. ಉಪಗ್ರಹದ ಕೊಡೆಯೂ ಕೇಬಲ್ಲೂ ಮೊಬೈಲೂ ಇರುವ ಕಾಲದಲ್ಲಿ ಮನೆಯ ಮೇಲೆ ಮೀನಿನ ಎಲುಬಿನಂಥ ಆಂಟೆನಾ ಇಡುವವರು ಯಾರೂ ಉಳಿದಿಲ್ಲವೆಂಬುದು ನಿಜ. ಆದರೂ ಕರ್ನಾಟಕದ ಮೊದಲ ಗೋಪುರದ ಕಥೆ ಇಷ್ಟು ಸದ್ದಿಲ್ಲದೆ ಮುಗಿಯಿತು.

ಊರಿನ ವಾಚಕಿಯ ಕುರ್ಚಿಯೂ ಅಲುಗಾಡದೆ ಉಳಿಯಲಿಲ್ಲ. ೨೦೧೧ರ ತಿದ್ದುಪಡಿಯಂತೆ ಕೇಬಲ್ ಡಿಜಿಟಲ್ ಆಗಬೇಕಾಯಿತು. ಹಳ್ಳಿಗಳ ಕೊನೆಯ ಹಂತದ ಗಡುವು ೨೦೧೭ರ ಮಾರ್ಚ್ ೩೧. ಅದರ ಮೇಲೆ ಪ್ರತಿ ಊರಿನ ಕೋಣೆಯಿಂದ ಬೇರೆ ಬೇರೆ ಪ್ರಸಾರ ಮಾಡುವುದು ಕಷ್ಟವಾಯಿತು. ದೊಡ್ಡ ಸಂಸ್ಥೆಯಿಂದ ಸಂಕೇತ ಪಡೆಯಬೇಕು, ಅವರ ಪಟ್ಟಿಯಲ್ಲಿ ಜಾಗ ಪಡೆಯಬೇಕು. ವಾಚಕರಲ್ಲಿ ಚುರುಕಾದವರು ವಾಡಿಯಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದರು. ಕೆಲವರು ಮದುವೆಯಾಗಿ, ಕೆಲವರು ಬೇರೆ ನೌಕರಿ ಹಿಡಿದು ಬಿಟ್ಟರು. ಉಳಿದವರು ಯೂಟ್ಯೂಬಿಗೂ ವಾಟ್ಸಾಪಿಗೂ ಹೊರಳಿದರು. ಅಲ್ಲಿ ಕುರ್ಚಿ, ಮೇಜು, ಪರದೆ ಯಾವುದೂ ಬೇಡ. ಆದರೆ ಯಾರ ಮಾತು ವಾರ್ತೆ, ಯಾರದು ಗಾಳಿಸುದ್ದಿ ಎಂದು ಜನ ತಿಳಿಯುವುದು ಕಷ್ಟ.

ನಾನು ಕಳವಳಪಡುವುದು ಕುರ್ಚಿ ಹೋದೀತೆಂದಲ್ಲ. ಕುರ್ಚಿ ರೂಪ ಬದಲಿಸುತ್ತಲೇ ಬಂದಿದೆ: ಕಲ್ಲು, ಹಲಗಿ, ಬಾನುಲಿ, ಪೆಟ್ಟಿಗೆ, ಅಂಗೈಯ ಫೋನು. ಕಳವಳದ ಸಂಗತಿ ಬೇರೆ. ಕೇಬಲ್ ಸಂಸ್ಥೆಗಳ ಸ್ವಂತ ವಾಹಿನಿಗಳಿಗೆ ಕೇಂದ್ರ ಸರ್ಕಾರ ೨೦೨೨ರ ನವೆಂಬರಿನಲ್ಲಿ ನಿಯಮಗಳನ್ನು ಪ್ರಕಟಿಸಿತು. ಪ್ರಸಾರವಾದದ್ದರ ಮುದ್ರಿಕೆಯನ್ನು ತೊಂಬತ್ತು ದಿನ ಇಟ್ಟುಕೊಳ್ಳಬೇಕೆಂದು ಅದರಲ್ಲಿದೆ. ತೊಂಬತ್ತು ದಿನ! ತೊಂಬತ್ತೊಂದನೆಯ ದಿನ ಅಳಿಸಿದರೆ ಕೇಳುವವರಿಲ್ಲ. ಅದಕ್ಕೂ ಹಿಂದಿನ ಕ್ಯಾಸೆಟ್ಟುಗಳ ಪಾಡು ಇನ್ನೂ ಕಷ್ಟ. ಕ್ಯಾಸೆಟ್ಟಿಗೆ ದುಡ್ಡು, ಆದ್ದರಿಂದ ನಿನ್ನೆಯ ವಾರ್ತೆಯ ಮೇಲೆಯೇ ಇಂದಿನದನ್ನು ಮುದ್ರಿಸುತ್ತಿದ್ದರು. ಅದರ ಜೊತೆಗೆ ಒಂದು ಊರು ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತೂ ಅಳಿಸಿಹೋಯಿತು.

ಸನ್ನತಿಯ ಕಲ್ಲು ಉಳಿದದ್ದಾದರೂ ಯಾರ ಜಾಣತನದಿಂದಲೂ ಅಲ್ಲ. ಯಾರೋ ಅದನ್ನು ಮೂರ್ತಿಯ ಕೆಳಗೆ ಇಟ್ಟರು. ಕಂಡಿ ಕೊರೆದು ಕೆಲವು ಅಕ್ಷರಗಳನ್ನು ಕೆಡಿಸಿದರು. ಆದರೆ ಕಲ್ಲು ಉಳಿಯಿತು. ನಮ್ಮ ಕಾಲದ ವಾರ್ತೆಗೆ ಆ ಬಗೆಯ ಆಕಸ್ಮಿಕ ಪುಣ್ಯವೂ ಇಲ್ಲ. ಆದ್ದರಿಂದ ಈ ಐದು ಊರುಗಳ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ, ಕೇಬಲ್ ನಡೆಸುತ್ತಿದ್ದ ನೆಂಟರ ಕಪಾಟಿನಲ್ಲಿ, ಹಳೆಯ ಕ್ಯಾಸೆಟ್ಟೋ ಡಿಸ್ಕೋ ಇದ್ದರೆ ತೂಕಕ್ಕೆ ಹಾಕಬೇಡಿ. ಅದರ ಮೇಲೆ ತಾರೀಖು ಬರೆಯಿರಿ. ವಾರ್ತೆ ಓದಿದವರು ಯಾರೆಂದು ಕೇಳಿ ತಿಳಿದು ಆ ಹೆಸರನ್ನೂ ಬರೆಯಿರಿ. ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಭೀಮಾತೀರದಲ್ಲಿ ತಿಷ್ಯದ ದಿನ ಎದ್ದು ನಿಂತು ಓದಿ ಹೇಳಿದವನ ಹೆಸರು ನಮಗೆ ಸಿಗುವುದಿಲ್ಲ. ಮೊನ್ನೆ ಮೊನ್ನೆ ಬಿಸಿ ದೀಪದ ಕೆಳಗೆ, ಫ್ಯಾನು ನಿಲ್ಲಿಸಿ, ಸೇಡಮಿನ ನೀರಿನ ಸುದ್ದಿ ಓದಿದವಳ ಹೆಸರು ಇನ್ನೂ ಸಿಗುತ್ತದೆ. ಆಕೆ ಬಹುಶಃ ನಿಮ್ಮ ಓಣಿಯಲ್ಲಿಯೇ ಇದ್ದಾಳೆ. ನಾಳೆ ಎದುರಾದರೆ, “ಏನ್ ಖಬರು, ಅಕ್ಕಾರ?” ಎಂದು ಒಮ್ಮೆ ಕೇಳಿನೋಡಿ.